ಸಿಗದೆ ಹೋದ ಕೊನೆಯ ಸಾಲು

ಮೊನ್ನೆ ಹೊಸಪೇಟೆಯ ರಿಪೇರಿ ಅಂಗಡಿಯೊಂದರಲ್ಲಿ ಹಳೆಯ ಕಂಪ್ಯೂಟರನ್ನು ಬಿಚ್ಚಿ ಚಾಲೂ ಮಾಡಿದರು ನೋಡಿ, ಒಳಗಿದ್ದ ಕೆಂಪು ಧೂಳು ಕಾದು ವಾಸನೆ ಎದ್ದಿತು. ಬಿಸಿಯಾದ ಅದಿರಿನ ಧೂಳಿನ ವಾಸನೆ... ಅಷ್ಟಕ್ಕೇ ನಮ್ಮ ಪಕ್ಕದ ಮನೆಯ ಅಣ್ಣ ಕಣ್ಣ ಮುಂದೆ ಬಂದು ನಿಂತ.

ಗಣಿಯ ಭರಾಟೆಯ ಕಾಲ ಅದು. ಸಂಡೂರಿನ ದಾರಿಯಲ್ಲಿ ಸಾವ್ಕಾರರೊಬ್ಬರ ಲಾರಿ ತೂಗುವ ಕಾಟಾ ಇತ್ತು. ಅಲ್ಲಿ ಕಂಪ್ಯೂಟರಿನ ಮುಂದೆ ಕೂಡುವ ಕೆಲಸ ನನ್ನದು. ಕಾಟಾ ತೋರಿಸುವ ತೂಕವನ್ನು ಕಂಪ್ಯೂಟರಿಗೆ ಮುಟ್ಟಿಸುವ ಪ್ರೋಗ್ರಾಮು, ಡ್ರೈವರ್ ಅನ್ನುತ್ತಾರಲ್ಲ, ಅದನ್ನು ಬರೆದವನು ಅಣ್ಣ. ಒಮ್ಮೊಮ್ಮೆ ಲಾರಿ ಕಾಟಾದ ಮೇಲೆ ಹತ್ತುತ್ತಿದ್ದಂತೆ ಕಂಪ್ಯೂಟರು ಗಪ್ಪನೆ ನಿಂತುಬಿಡುತ್ತಿತ್ತು. ತಪ್ಪು ಅಣ್ಣನ ಪ್ರೋಗ್ರಾಮಿನದೋ, ಕಾಟಾದ ಯಂತ್ರದ್ದೋ ಯಾರಿಗೂ ತಿಳಿಯದು. ತನ್ನದಲ್ಲ ಎಂದು ತೋರಿಸದಿದ್ದರೆ ಅಣ್ಣನ ಕೆಲಸ ಹೋಗುವುದಿತ್ತು.

ನಿಲ್ಲುವ ಮುಂಚೆ ಏನು ಮಾಡುತ್ತಿದ್ದೆ ಎಂದು ಪ್ರೋಗ್ರಾಮೇ ಸಾಲು ಸಾಲಾಗಿ ಹೇಳಬೇಕು. ಅದಕ್ಕೆ ಲಾಗ್ ಅನ್ನುತ್ತಿದ್ದ. ಮೊದಲು ಆ ಸಾಲುಗಳನ್ನು ಪರದೆಯ ಮೇಲೆ ಬರಿಸಿದ. ಕಂಪ್ಯೂಟರು ನಿಲ್ಲುವುದೇ ಬಂದ್ ಆಯಿತು!

"ಹಂಗ ಇರ್ಲಿ ಬಿಡಪಾ, ನಡದೈತಲ್ಲ" ಎಂದರು ಸಾವ್ಕಾರರು.

"ಇಲ್ರಿ ಸಾವ್ಕಾರ್ರ, ಬರಿಯೋದ್ರಾಗ ಪ್ರೋಗ್ರಾಮು ನಿಧಾನ ಆಗೇತಿ. ಅದಕ್ಕ ರೋಗ ಅಡಗಿ ಕುಂತೈತಿ, ಹೋಗಿಲ್ರಿ" ಎಂದು ಅಣ್ಣ ಅದನ್ನು ತೆಗೆದುಹಾಕಿದ. ಮತ್ತೆ ನಿಂತಿತು.

ಡಿಸ್ಕಿನ ಫೈಲಿಗೆ ಬರೆಸಿದ. ಕೊನೆಯ ಸಾಲುಗಳು ಡಿಸ್ಕು ಮುಟ್ಟುವ ಮೊದಲೇ ಎಲ್ಲ ನಿಂತಿರುತ್ತಿತ್ತು. ಕೇಬಲ್ ಎಳೆದು ಇನ್ನೊಂದು ಕಂಪ್ಯೂಟರಿಗೆ ಕಳಿಸುತ್ತೇನೆ ಎಂದ.

"ಒಂದನ್ನ ಸಂಭಾಳ್ಸಕ ಆಗವಲ್ದು, ಎರಡನೇದು ಬ್ಯಾರೆ ಬೇಕೇನಪಾ?" ಎಂದು ಸಾವ್ಕಾರರು ನಕ್ಕರು.

ಉಳಿದದ್ದು ಒಂದೇ ದಾರಿ. ಸಾಲುಗಳನ್ನು ಮೆಮೊರಿಯಲ್ಲೇ ಇಟ್ಟು, ನಿಂತ ಮೇಲೆ ರೀಸೆಟ್ ಗುಂಡಿ ಒತ್ತಿ ಓದುವುದು. ಆದರೆ ಕರೆಂಟು ತೆಗೆದರೆ ಎಲ್ಲ ಅಳಿಸಿಹೋಗುತ್ತದೆ. "ಏನರ ಆಗ್ಲಿ, ಸ್ವಿಚ್ ಮುಟ್ಟಬ್ಯಾಡ್ರಿ, ನನ್ನ ಕರೀರಿ" ಎಂದು ಎಲ್ಲರಿಗೂ ಕೈಮುಗಿದು ಹೇಳಿ, ಎದುರಿನ ಚಹಾದಂಗಡಿಯಲ್ಲಿ ಕಾದು ಕೂತ.

ನಿಂತಿತು. ನಾನು ಅಣ್ಣನನ್ನು ಕರೆಯಲು ಓಡಿದೆ. ಲಾರಿಗಳ ಹಾರ್ನ್ ಕಿವಿ ಕೊರೆಯುತ್ತಿತ್ತು. "ಲೇ, ತೂಕ ಮಾಡ್ತೀರೇನು, ಇಲ್ಲೇ ಒಲಿ ಹೂಡ್ಲೇನು?" ಎಂದು ಲಾರಿಯವನೊಬ್ಬ ಕೂಗುತ್ತಿದ್ದ. ನಾವು ಬರುವಷ್ಟರಲ್ಲಿ ಕಾಟಾದ ಸೂಪರ್‌ವೈಜರು ಗೋಡೆಯ ಸ್ವಿಚ್ಚನ್ನೇ ಆರಿಸಿ ಮತ್ತೆ ಹಾಕಿದ್ದ. ನಮ್ಮ ಕಡೆ ಟೀವಿಯಿಂದ ಪಂಪಿನವರೆಗೆ ಏನು ನಿಂತರೂ ಮೊದಲು ಮಾಡುವುದು ಅದನ್ನೇ ಅಲ್ಲವೇ.

"ಆಫ್ ಮಾಡಿ ಆನ್ ಮಾಡೀನ್ರಿ, ಮಸ್ತ್ ನಡದೈತಿ ನೋಡ್ರಿ!" ಎಂದ, ಶಾಬಾಸ್‌ಗಿರಿಗೆ ಕಾದವನಂತೆ. ಮೆಮೊರಿಯಲ್ಲಿದ್ದ ಸಾಲುಗಳೆಲ್ಲ ಅಳಿಸಿಹೋಗಿದ್ದವು. ಅಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತ...

ಆ ವಾರವೇ ಬೇರೆಯವರ ಪ್ರೋಗ್ರಾಮು, ಬೇರೆಯವರ ಯಂತ್ರ ಎರಡೂ ಬಂದವು. ಹಳೆಯದೆಲ್ಲ ಗುಜರಿಗೆ ಹೋಯಿತು. ಪರೀಕ್ಷೆ ಮಾಡಲು ಏನೂ ಉಳಿಯಲಿಲ್ಲ. ಅಣ್ಣನ ಪ್ರೋಗ್ರಾಮು ಸರಿ ಇರಲಿಲ್ಲ ಎಂಬ ಮಾತು ಮಾತ್ರ ಉಳಿಯಿತು. ಮತ್ತೆ ಅವನನ್ನು ಯಾರೂ ಕರೆಯಲಿಲ್ಲ. ದಿನಾ ಕಂಪ್ಲಿಗೆ ಹೋಗಿ ಮಾವನ ಅಕ್ಕಿ ಗಿರಣಿಯಲ್ಲಿ ಸುಮ್ಮನೆ ಕೂತು ಬರುತ್ತಿದ್ದ. ಹೋದ ವರ್ಷ ತೀರಿಕೊಂಡ.

ಅಂಗಡಿಯಿಂದ ಹಾಗೇ ಅವನ ಮನೆಗೆ ಹೋದೆ. ಅತ್ತಿಗೆ ಚಹಾ ಕೊಟ್ಟು ಕೇಳಿದರು: "ನೀವು ಅಲ್ಲೇ ಇದ್ರಲ್ಲ... ಖರೇ ಹೇಳ್ರಿ, ತಪ್ಪು ಇವರದ ಇತ್ತೇನ್ರಿ?"

ಅಲ್ಲ ಎನ್ನಲು ಬಾಯಿ ತೆರೆದೆ. ಸುಳ್ಳು ಬರಲಿಲ್ಲ. "ಗೊತ್ತಿಲ್ರಿ ಅತ್ತಿಗಿ" ಎಂದೆ.

"ಇವರಿಗೂ ಗೊತ್ತಿರ್ಲಿಲ್ರಿ" ಎಂದು ಕಪ್ಪು ಎತ್ತಿಕೊಂಡು ಒಳಗೆ ಹೋದರು.