ನಾಲ್ಕು ಗಂಟೆಯ ಬೀಗ

ನಾಲ್ಕರ ಗಂಟೆ ಹೊಡೆದರೆ ಸಾಕು, ನಮ್ಮ ಹೊಸ ಟೀಚರಮ್ಮ ಮಕ್ಕಳ ನೋಟ್‌ಬುಕ್‌ಗಳನ್ನು ಬೀರುವಿಗೆ ತುಂಬಿ, "ನೀವೂ ಮಲಗ್ರಪ್ಪ, ನಾಳೆ ನೋಡೋಣ" ಎಂದು ಬೀಗ ಜಡಿಯುತ್ತಾಳೆ. ಅರ್ಧ ಪುಟ ತಿದ್ದಲು ಬಾಕಿಯಿರಲಿ, ಹೆಡ್‌ಮಾಸ್ಟರೇ ಮುಖ ಗಂಟಿಕ್ಕಲಿ, ಜಪ್ಪಯ್ಯ ಅಂದರೂ ಬೀಗ ತೆಗೆಯುವವಳಲ್ಲ. ಕೈಬೀಸಿಕೊಂಡು ಮನೆಗೆ ಬರುವ ಮಗಳನ್ನು ಕಂಡು ಅವಳ ಅಮ್ಮನಿಗೆ ಗಾಬರಿ: "ಏನೇ, ಕೆಲಸ ಬಿಟ್ಬಿಟ್ಯಾ?" "ಇಲ್ಲಮ್ಮ, ಉಳಿಸ್ಕೊಂಡೆ" ಎಂದು ಕಾಲು ಚಾಚಿ ಕೂರುತ್ತಾಳೆ. ಮೊದಲ ತಿಂಗಳು ಹೀಗಿರಲಿಲ್ಲ. ಎರಡು ಚೀಲ ನೋಟ್‌ಬುಕ್ ಮನೆಗೆ ಹೊತ್ತು, ನಿದ್ದೆಗೆಟ್ಟು ತಿದ್ದಿ, ಒಂದು ದಿನ ಪಾಠದ ನಡುವೆಯೇ ಮೇಜಿಗೆ ತಲೆಯಿಟ್ಟು ನಿದ್ದೆಹೋಗಿದ್ದಳು. ಎಚ್ಚರವಾದಾಗ ಮಕ್ಕಳೆಲ್ಲ ಪಿಟಿಕ್ಕೆನ್ನದೆ ಕೂತಿದ್ದರು; ತರಗತಿಯ ಮಹಾ ತರಲೆ ಹುಡುಗಿ ಬಾಗಿಲಲ್ಲಿ ನಿಂತು, ಪಕ್ಕದ ತರಗತಿಯವರನ್ನು ಪಿಸುದನಿಯಲ್ಲೇ ಗದರುತ್ತಿದ್ದಳು: "ಮೆತ್ತಗೆ ಓದ್ರೋ, ನಮ್ ಮಿಸ್ ಮಲ್ಗಿದಾರೆ!"