ಕೊನೇ ಸ್ಟಾಪಿನ ಗಾಜಿನ ಮನೆ

ಆ ಮನೆಯನ್ನು ಮೊದಲ ಸಲ ನೋಡಿದಾಗ ಇದು ಮನೆಯೋ ಕಾರು ಮಾರುವ ಶೋರೂಮೋ ಎಂದು ನನಗೆ ತಿಳಿಯಲಿಲ್ಲ. ಮಲ್ಲತ್ತಹಳ್ಳಿ ಕೆರೆಯ ಪಕ್ಕ, ಸಿಟಿ ಬಸ್ಸು ತಿರುಗಿಸಿಕೊಳ್ಳುವ ಕೊನೇ ಸ್ಟಾಪಿನ ಎದುರಿಗೇ ಇದೆ. ರಸ್ತೆಯ ಕಡೆಗೆ ನೆಲದಿಂದ ಸೂರಿನ ತನಕ ಬರೀ ಗಾಜು. ಮಿಕ್ಕ ಮೂರು ಕಡೆ ಗಿಲಾವು ಕಾಣದ, ಬಣ್ಣ ಕಾಣದ ಬೋಳು ಕಾಂಕ್ರೀಟು. ಒಳಗೆ ಹಾಲು, ರೂಮು, ಅಡುಗೆಮನೆ ಎಂದು ಬೇರೆ ಬೇರೆ ಇಲ್ಲ, ಎಲ್ಲ ಒಂದೇ. ಬಚ್ಚಲಿಗೆ ಮಾತ್ರ ದೊಡ್ಡ ಮನಸ್ಸು ಮಾಡಿ ಗೋಡೆ, ಬಾಗಿಲು ಕೊಟ್ಟಿದ್ದಾರೆ. ನಡುವೆ ಕಬ್ಬಿಣದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಹತ್ತಿದರೆ ಮೇಲೆ ಒಂದು ಅಟ್ಟ, ಅಟ್ಟದ ಹಿಂಬದಿಗೆ ಕೆರೆ ಕಾಣುವ ಉದ್ದನೆಯ ಕಿಟಕಿ. ಯಾರೋ ಆರ್ಕಿಟೆಕ್ಟ್ ತನಗೇ ಎಂದು ಕಟ್ಟಿಸಿಕೊಂಡು, ಕೆಲವು ವರ್ಷ ಇದ್ದು, ಬೇರೆ ಊರಿಗೆ ಹೋದರಂತೆ. ಬಾಗಿಲು ದಕ್ಷಿಣಕ್ಕೆ. ಸೈಟು ಮುಂದೆ ಅಗಲ, ಹಿಂದೆ ಕಿರಿದು, ವಾಸ್ತು ನೋಡುವವರು ಬೇಡವೆನ್ನುವ ವ್ಯಾಘ್ರಮುಖ. ಬಂದವರೆಲ್ಲ ಒಳಗೆ ಓಡಾಡಿ ಫೋಟೋ ತೆಗೆದುಕೊಂಡು ಹೋಗುತ್ತಿದ್ದರೇ ಹೊರತು ಯಾರೂ ಕೊಂಡಿರಲಿಲ್ಲ. ಹಾಗಾಗಿ ಅದು ನಮ್ಮಂಥವರ ಕೈಗೆಟುಕುವ ಬೆಲೆಗೆ ಇಳಿದಿತ್ತು.

ನಮ್ಮಂಥವರು ಅಂದರೆ ನಾನು ಮತ್ತು ನಮ್ಮ ಯಜಮಾನರು. ಗೋವಿಂದರಾಜನಗರದಲ್ಲಿ ಟ್ವೆಂಟಿ ಥರ್ಟಿ ಸೈಟಿನ ಮನೆ, ಕೆಳಗಡೆ ಬಾಡಿಗೆಗೆ ಕೊಟ್ಟು ಮಹಡಿಯಲ್ಲಿ ನಾವಿದ್ದೆವು. ಎರಡು ಪಕ್ಕಕ್ಕೂ ಬೇರೆಯವರ ಮನೆ ಅಂಟಿಕೊಂಡು, ಹಗಲು ಹೊತ್ತಿನಲ್ಲೂ ಟ್ಯೂಬ್‌ಲೈಟ್ ಹಾಕಬೇಕು. ನಾನು ಸೀರೆಗೆ ಫಾಲ್ ಹಾಕಿ ಕುಚ್ಚು ಕಟ್ಟುವವಳು. ಇವರು ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. ಸಾಯಂಕಾಲ ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮ್ ಕೂಡ ಬಿಚ್ಚದೆ, ನನ್ನ ಸೂಜಿಗಳಿಗೆಲ್ಲ ದಾರ ಪೋಣಿಸಿ ಸಾಲಾಗಿ ದಿಂಬಿಗೆ ಚುಚ್ಚಿ ಇಡುತ್ತಿದ್ದರು. ನನಗೆ ಹತ್ತಿರದ್ದು ಕಾಣುವುದಿಲ್ಲ, ಅವರಿಗೆ ಹದ್ದಿನ ಕಣ್ಣು. ರಿಟೈರ್ ಆದ ಮೇಲೆ ಒಂದು ದಿನ ದಾರ ಸೂಜಿಯ ಪಕ್ಕಕ್ಕೆ ಹೋಯಿತು. ಮತ್ತೆ ಪಕ್ಕಕ್ಕೆ ಹೋಯಿತು. ಎರಡನ್ನೂ ನನ್ನ ಮಡಿಲಿಗೆ ಹಾಕಿ, ನಿನ್ನ ಸೂಜಿ ಸರಿ ಇಲ್ಲ ಎಂದು ಎದ್ದು ಹೋದರು.

ಕಣ್ಣಿನ ನರ ಒಣಗುತ್ತಿದೆ ಎಂದು ಗೊತ್ತಾದದ್ದು ಆಮೇಲೆ. "ಹೋಗಿರೋದು ವಾಪಸ್ ಬರಲ್ಲಮ್ಮ. ಇರೋದನ್ನ ಎಷ್ಟು ದಿನ ಉಳಿಸ್ಕೋಬಹುದೋ ನೋಡೋಣ" ಎಂದರು ಡಾಕ್ಟರ್. ಅದನ್ನು ಕೇಳಿಸಿಕೊಂಡು ಬರುವಾಗ ದಾರಿಯಲ್ಲಿ ನಾನು ಬೆಂಡೆಕಾಯಿ ಕೊಂಡೆ. ಒಂದೊಂದಾಗಿ ತುದಿ ಮುರಿದು ನೋಡಿ, ಎಳೆಯದನ್ನೇ ಆರಿಸಿ, ಚೌಕಾಸಿ ಬೇರೆ ಮಾಡಿದೆ. ಅಳು ಬರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದೆ, ಬರಲೇ ಇಲ್ಲ. ಹಲ್ಲು ಕೀಳುವ ಮುಂಚೆ ದವಡೆಗೆ ಇಂಜೆಕ್ಷನ್ ಕೊಡುತ್ತಾರಲ್ಲ, ಅದನ್ನು ಮೈತುಂಬ ಕೊಟ್ಟ ಹಾಗಿತ್ತು. ಬೆಳಿಗ್ಗೆ ಎದ್ದು ಅವರ ಕಣ್ಣಿಗೆ ಡ್ರಾಪ್ಸ್ ಬಿಡುವುದು, ಕುಚ್ಚು ಕಟ್ಟುವುದು, ಅಡುಗೆ ಮಾಡುವುದು, ರಾತ್ರಿ ಮತ್ತೆ ಡ್ರಾಪ್ಸ್. ಹೇಗಿದೆ ಎಂದು ಕೇಳಿದರೆ "ಕಾಣುತ್ತೆ ಕಣೇ, ಸ್ವಲ್ಪ ಮಬ್ಬು ಅಷ್ಟೆ" ಅನ್ನುತ್ತಿದ್ದರು. ನಾನು ಮತ್ತೆ ಕೇಳುತ್ತಿರಲಿಲ್ಲ.

ರಸ್ತೆ ದಾಟುವಾಗ ನಮ್ಮದೊಂದು ಪದ್ಧತಿ. ಬಸ್ಸಿನಲ್ಲಿ ಕಂಡಕ್ಟರ್ 'ಹೋಲ್ಡಾನ್' ಎಂದರೆ ಡ್ರೈವರ್ ನಿಲ್ಲಿಸಬೇಕು, 'ರೈಟ್' ಎಂದರೆ ಹೊರಡಬೇಕು. ಇವರು ಫುಟ್‌ಪಾತಿನ ಅಂಚಿಗೆ ಬಂದು ನಿಂತು, "ಕಂಡಕ್ಟರಮ್ಮ, ರೈಟಾ?" ಎಂದು ಕೇಳುವರು. ನಾನು ಎರಡು ಕಡೆ ನೋಡಿ ರೈಟ್ ಅನ್ನಬೇಕು. ನನ್ನ ಕೈ ಹಿಡಿಯುತ್ತಿರಲಿಲ್ಲ. ಅಕ್ಕಪಕ್ಕದವರು ನೋಡಿ, ಈ ವಯಸ್ಸಿನಲ್ಲೂ ಏನು ತಮಾಷೆ ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ತಮಾಷೆ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹಾಗೆಂದು ಇಬ್ಬರೂ ಬಾಯಿ ಬಿಡಲಿಲ್ಲ.

ಹೋದ ಮಳೆಗಾಲದಲ್ಲಿ ಅವರು ಮನೆಯ ಹೊರಗಿನ ಮೆಟ್ಟಿಲಲ್ಲಿ ಜಾರಿ ಬಿದ್ದರು. ಏಟೇನೂ ಜೋರಾಗಿ ಆಗಲಿಲ್ಲ. ಆದರೆ ಇನ್ನು ಈ ಏಣಿಯಂಥ ಮೆಟ್ಟಿಲು ಸಾಕು ಎಂದು ನಾನೇ ತೀರ್ಮಾನ ಮಾಡಿದೆ. ಪಕ್ಕದ ಅಂಗಡಿಯವರು ಗೋಡೌನಿಗೆ ಎಂದು ನಮ್ಮ ಮನೆ ಕೇಳುತ್ತಲೇ ಇದ್ದರು. ಅದನ್ನು ಕೊಟ್ಟು, ಬಂದ ದುಡ್ಡಿನಲ್ಲಿ ನೆಲಮಟ್ಟದ ಮನೆ ಒಂದನ್ನು ನೋಡಿಕೊಳ್ಳುವುದು ಎಂದಾಯಿತು.

ಬ್ರೋಕರ್ ಮೊದಲು ತೋರಿಸಿದ್ದು ಕೆಂಗೇರಿ ಉಪನಗರದಲ್ಲಿ ಒಂದು ಫ್ಲ್ಯಾಟು. ಗ್ರೌಂಡ್ ಫ್ಲೋರ್, ಎರಡು ರೂಮು, ಮೆಟ್ರೋ ಹತ್ತಿರ, ಅಡುಗೆಮನೆಗೆ ಬಾಗಿಲು, ದೇವರಿಗೆ ಗೂಡು. ಮುಖ್ಯವಾಗಿ ಕೈಗೆ ಸಿಗುವ ಗೋಡೆಗಳು. ಗೋಡೆ ಹಿಡಿದುಕೊಂಡು ಹೋದರೆ ಹಾಸಿಗೆಯಿಂದ ಬಚ್ಚಲಿಗೆ ಯಾರ ಸಹಾಯವೂ ಬೇಡ. ಮುಂದೆ ಪೂರ್ತಿ ಕಾಣದ ದಿನ ಬಂದಾಗ ಅಂತಹ ಮನೆಯೇ ಬೇಕು ಎಂದು ನಾನು ಲೆಕ್ಕ ಹಾಕಿದ್ದೆ. ಇವರು ಹಾಲಿನ ನಡುವೆ ನಿಂತರು, ನಿಂತೇ ಇದ್ದರು. ರೂಮು ನೋಡಿ ಬನ್ನಿ ಎಂದರೂ ಕದಲಲಿಲ್ಲ.

"ಗಾಳಿ ಇಲ್ಲ" ಎಂದರು.

"ಕಿಟಕಿ ತೆಗೆದ್ರೆ ಗಾಳಿ ಬರುತ್ತೆ ಸಾರ್" ಎಂದ ಬ್ರೋಕರ್.

"ಬೇಡ. ಮಲ್ಲತ್ತಹಳ್ಳಿ ಕೊನೇ ಸ್ಟಾಪ್ ಎದುರಿಗೆ ಗಾಜಿನ ಮನೆ ಒಂದಿದೆಯಲ್ಲ, ಅದು ಮಾರಕ್ಕಿದೆ ಅಂತ ಕೇಳ್ದೆ. ಅದನ್ನ ತೋರ್ಸು."

ನನಗೆ ಮೈ ಉರಿಯಿತು. ಆ ಮನೆಯ ಕತೆ ನನಗೆ ಬಾಯಿಪಾಠ. ಮಾರ್ಕೆಟ್‌ನಿಂದ ಮಲ್ಲತ್ತಹಳ್ಳಿಗೆ ಬಸ್ಸು ಓಡಿಸುತ್ತಿದ್ದ ವರ್ಷಗಳಲ್ಲಿ, ಕೊನೇ ಸ್ಟಾಪಿನಲ್ಲಿ ಹತ್ತು ನಿಮಿಷ ಗಾಡಿ ನಿಲ್ಲಿಸಿದಾಗಲೆಲ್ಲ ಇವರು ಸೀಟಿನಲ್ಲೇ ಕೂತು ಅದನ್ನೇ ನೋಡುತ್ತಿದ್ದರು. ಪಾಯ ತೆಗೆದ ದಿನದಿಂದ ನೋಡಿದ್ದರು. ಇವತ್ತು ಕಂಬಿ ಕಟ್ಟಿದ್ರು, ಇವತ್ತು ಗಾಜು ಬಂತು, ಎಂಟು ಜನ ಹಿಡ್ಕೊಂಡಿದ್ರು ಕಣೇ ಎಂದು ಬಂದು ವರದಿ ಒಪ್ಪಿಸುತ್ತಿದ್ದರು. ಆಮೇಲೆ ಆ ಮನೆಯವರು ಪರದೆ ಹಾಕದೆ ವಾಸಕ್ಕೆ ಬಂದರು. ಅಲ್ಲಿಂದ ಒಳಗಿನ ವರದಿ ಶುರುವಾಯಿತು. ಒಲೆ ಎಲ್ಲಿದೆ, ಮಂಚ ಎಲ್ಲಿದೆ, ಮೆಟ್ಟಿಲು ಎಷ್ಟು. ಬೇರೆಯವರ ಮನೆ ಒಳಗೆ ಏನ್ರೀ ಅಷ್ಟು ನೋಡೋದು, ಮಾನ ಮರ್ಯಾದೆ ಬೇಡ್ವಾ ಎಂದು ಎಷ್ಟು ಸಲ ಬೈದಿದ್ದೇನೋ.

ಒಂದು ಭಾನುವಾರ ಬೆಳಿಗ್ಗೆ ನೋಡಲು ಹೋದೆವು. ಗೇಟಿನ ತನಕ ನನ್ನ ಸೆರಗಿನ ಅಂಚು ಸವರಿಕೊಂಡೇ ಬಂದವರು, ಬ್ರೋಕರ್ ಬೀಗ ತೆಗೆದದ್ದೇ ತಡ, ಸರಸರ ಒಳಗೆ ನಡೆದುಬಿಟ್ಟರು. "ಇಲ್ಲಿ ಒಲೆ" ಎಂದು ಎಡಗಡೆ ಕೈ ತೋರಿಸಿದರು. ಅಲ್ಲೇ ಇತ್ತು. "ಮಂಚ ಇಲ್ಲಿ ಹಾಕೋದು" ಎಂದರು. ಮೆಟ್ಟಿಲಿನ ಹತ್ತಿರ ಹೋಗಿ, ಮೊದಲ ಮೆಟ್ಟಿಲನ್ನು ಕಾಲಿನ ತುದಿಯಿಂದ ಮುಟ್ಟಿ, ಹತ್ತಲು ಶುರು ಮಾಡಿದರು. ಹಿಡಿದುಕೊಳ್ಳಲು ಏನೂ ಇಲ್ಲ, ಬಿದ್ದರೆ ಹಿಡಿಯೋಣ ಎಂದು ನಾನೂ ಬ್ರೋಕರೂ ಬೆನ್ನಿಗೇ ಹತ್ತಿದೆವು. ಅವರು ಮಾತ್ರ ಒಂದು ಸಲವೂ ತಡವರಿಸದೆ ಹತ್ತಿದರು. ನೋಡು, ಕಣ್ಣು ಅಷ್ಟೇನೂ ಕೆಟ್ಟಿಲ್ಲ ಎಂದುಕೊಂಡೆ. ಬೆಳಕು ಚೆನ್ನಾಗಿದ್ದರೆ ಕಾಣುತ್ತದೆ, ನಮ್ಮ ಕತ್ತಲು ಮನೆಯದೇ ತಪ್ಪು ಎಂದೂ ಅಂದುಕೊಂಡೆ. ಗಾಜಿನ ಮನೆ ಕೊಂಡರೂ ಕೊಳ್ಳಬಹುದು ಎಂದು ಆ ಮೆಟ್ಟಿಲು ಹತ್ತುವಷ್ಟು ಹೊತ್ತು ನನಗೆ ಅನ್ನಿಸಿತು.

ಅವರು ಉದ್ದನೆಯ ಕಿಟಕಿಯ ಮುಂದೆ ಹೋಗಿ ನಿಂತರು. ಎರಡು ಕೈಯನ್ನೂ ಗಾಜಿಗೆ ಊರಿದರು.

"ಕೆರೆ ಏನ್ ಚೆನ್ನಾಗಿ ತುಂಬಿದೆ ನೋಡೇ" ಎಂದರು.

ಕೆರೆಯಲ್ಲಿ ಒಂದು ಹನಿ ನೀರಿರಲಿಲ್ಲ. ಹೂಳೆತ್ತಲು ಎಂದು ಖಾಲಿ ಮಾಡಿದ್ದರು. ಒಣಗಿ ಬಿರುಕು ಬಿಟ್ಟ ಮಣ್ಣು, ಅದರ ನಡುವೆ ಒಂದು ಜೆಸಿಬಿ, ಭಾನುವಾರವಾದ್ದರಿಂದ ಕೆಲಸವಿಲ್ಲದೆ ನಿಂತಿತ್ತು. ಬ್ರೋಕರ್ ನನ್ನ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದ.

"ಹೌದ್ರೀ, ತುಂಬಿದೆ" ಎಂದೆ ನಾನು.

ಬ್ರೋಕರ್ ಬಾಯಿ ಮುಚ್ಚಿಕೊಂಡ. ಇವರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಹತ್ತಿದ ಹಾಗೆಯೇ ಇಳಿದು ಬಂದರು. ಅವರ ಹಿಂದೆ ಇಳಿಯುತ್ತಾ ನಾನು ಮೆಟ್ಟಿಲು ಎಣಿಸಿದೆ. ಹದಿನೇಳು. ಯಾಕೆ ಎಣಿಸಿದೆನೋ ಗೊತ್ತಿಲ್ಲ. ಹೆದರಿಕೆಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಕೆರೆ ಖಾಲಿ ಇದೆ, ಇವರಿಗೆ ಕಾಣುವುದಿಲ್ಲ ಎಂಬ ಎರಡು ಸಂಗತಿ ಅಕ್ಕಪಕ್ಕ ಇದ್ದವು. ನಾಳೆ ಫೋನ್ ಮಾಡುತ್ತೇವೆ ಎಂದು ಬ್ರೋಕರ್‌ನನ್ನು ಕಳಿಸಿ, ರಸ್ತೆ ದಾಟಿ, ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತೆವು. ದಾಟುವಾಗ ನಾನು ರೈಟ್ ಎಂದೆನೋ ಇಲ್ಲವೋ ನೆನಪಿಲ್ಲ.

"ಕೆರೇಲಿ ನೀರಿಲ್ಲ ಅಲ್ವಾ?" ಎಂದರು ಇವರು, ಕೂತ ಸ್ವಲ್ಪ ಹೊತ್ತಿಗೆ.

ನಾನು ಬಸ್ಸು ಬರುವ ದಾರಿ ನೋಡಿದೆ.

"ಮದುವೆಯಾದಾಗಿನಿಂದ ನಾನು ಹೇಳಿದ್ದಕ್ಕೆ ಒಂದೇ ಸಲಕ್ಕೆ ಹೌದು ಅಂದಿದೀಯೇನೇ ನೀನು? ಅಷ್ಟು ಬೇಗ ಹೌದು ಅಂದಾಗಲೇ ಗೊತ್ತಾಯ್ತು, ಏನೋ ಎಡವಟ್ಟಾಗಿದೆ ಅಂತ."

"ಯಾವಾಗಿನಿಂದ ರೀ?"

"ಯುಗಾದಿ ಹೊತ್ತಿಗೆ ಪೂರ್ತಿ ಹೋಯ್ತು. ಲೈಟ್ ಹಾಕಿದ್ರೆ ಹಾಕಿದಾರೆ ಅಂತ ಗೊತ್ತಾಗುತ್ತೆ, ಅಷ್ಟೆ."

"ಯುಗಾದಿಗೆ ನನ್ನ ಸೀರೆ ಬಣ್ಣ ಚೆನ್ನಾಗಿದೆ ಅಂದ್ರಲ್ಲ?"

"ಹೊಸ ಸೀರೆ ಸದ್ದು ಕೇಳಿಸ್ತು. ನೀನು ಆರ್ಸಿದ್ದು ಅಂದ್ಮೇಲೆ ಬಣ್ಣ ಚೆನ್ನಾಗೇ ಇರುತ್ತೆ."

ಆಗ ನನಗೆ ಸಿಟ್ಟು ಬಂತು. ಏಳೆಂಟು ತಿಂಗಳಿಂದ ದಿನಕ್ಕೆ ಎರಡು ಸಲ ಆ ಕಣ್ಣಿಗೆ ಡ್ರಾಪ್ಸ್ ಬಿಟ್ಟಿದ್ದೆ. ಒಂದು ಮಾತು ಹೇಳಬಾರದಿತ್ತೇ ಈ ಮನುಷ್ಯ? ಇಲ್ಲ, ನಾನಾದರೂ ಕೇಳಬಾರದಿತ್ತೇ? ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಕಾಣದೇ ಇರೋರಿಗೆ ಗಾಜಿನ ಮನೆ ಯಾಕ್ರೀ? ಗಾಜಾದ್ರೇನು, ಇಟ್ಟಿಗೆ ಆದ್ರೇನು? ಕೆಂಗೇರಿ ಮನೇಲಿ ಹಿಡ್ಕೊಳ್ಳಕ್ಕೆ ಗೋಡೆ ಆದ್ರೂ ಇದೆ."

ಅವರಿಗೆ ನೋವಾಯಿತೋ ಏನೋ, ಮುಖದಲ್ಲಿ ತೋರಿಸಲಿಲ್ಲ. ಎದುರಿಗೆ ಆ ಮನೆ ಇರುವ ಕಡೆಗೇ, ಒಂದು ಗೇಣೂ ತಪ್ಪದ ಹಾಗೆ, ಮುಖ ಮಾಡಿ ಕೂತಿದ್ದರು. ಬಸ್ಸು ನಿಲ್ಲಿಸಿಕೊಂಡು ಅವರು ನೋಡುತ್ತಿದ್ದ ಜಾಗ ನಾವು ಕೂತಿದ್ದಲ್ಲಿಗೆ ಹತ್ತು ಹೆಜ್ಜೆಯೂ ಇರಲಿಲ್ಲ.

"ಕೆಂಗೇರಿ ಮನೆ ತಗೊಂಡ್ರೆ ಅದು ಹೆಂಗಿದೆ ಅಂತ ಸಾಯೋ ತನಕ ನಂಗೆ ಗೊತ್ತಾಗಲ್ಲ" ಎಂದರು. "ಇನ್ಮೇಲೆ ಯಾವ ಮನೇನೂ ನೋಡಕ್ಕಾಗಲ್ಲ. ಇದೊಂದನ್ನ ನೋಡಿಬಿಟ್ಟಿದೀನಿ ಕಣೇ. ಅದ್ರೊಳಗೆ ನೀನು ಎಲ್ಲಿ ನಿಂತಿದೀಯ ಅಂತ ಹೇಳಿದ್ರೆ ಸಾಕು, ನಂಗೆ ಕಾಣುತ್ತೆ."

ಇಂಜೆಕ್ಷನ್ ಇಳಿದ ಮೇಲೆ ಹಲ್ಲು ಕಿತ್ತ ಜಾಗ ನೋಯಲು ಶುರುವಾಗುತ್ತದಲ್ಲ, ಹಾಗೆ ನನಗೆ ನೋಯಲು ಶುರುವಾಯಿತು. ಮೈತುಂಬ. ಒಂದು ಬಸ್ಸು ಬಂದು, ಜನ ಇಳಿಸಿ, ತಿರುಗಿಸಿಕೊಂಡು ಹೋಯಿತು. ನಾವು ಹತ್ತಲಿಲ್ಲ. ಅಳುವ ಸದ್ದು ಅವರಿಗೆ ಕೇಳಿಸಬಾರದು ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಕೇಳಿಸಿತ್ತೋ ಏನೋ.

"ಅಡುಗೆಮನೆಗೆ ಬಾಗಿಲು ಇಡಿಸ್ಬೇಕು" ಎಂದೆ, ಮಾತಾಡುವ ಹಾಗಾದ ಮೇಲೆ. "ಇಲ್ದಿದ್ರೆ ನಾನು ಬರಲ್ಲ."

"ಗೋಡೆನೇ ಇಲ್ವಲ್ಲೇ, ಬಾಗಿಲು ಎಲ್ಲಿ ಇಡಿಸ್ತೀಯ?"

"ಅದನ್ನೇ ನಾನೂ ಹೇಳ್ತಿರೋದು. ಅದೂ ಒಂದು ಮನೇನಾ?"

ಅವರು ನಕ್ಕರು. ಮುಂದಿನ ಬಸ್ಸು ಬಂದಾಗ ನಾನು ಎದ್ದು, ಬೋರ್ಡು ಓದಿ ನಂಬರ್ ಹೇಳಿದೆ. ಅವರು ಕೇಳುವ ಮುಂಚೆ ಹೇಳಿದ್ದು ಅದೇ ಮೊದಲು. ಕೈ ಚಾಚಿದರು. ಹಿಡಿದುಕೊಂಡೆ.

ಈಗ ಆ ಮನೆಗೆ ಬಂದಿದ್ದೇವೆ. ಹಾಲುಕ್ಕಿಸಿದ ದಿನ ನೆಂಟರೆಲ್ಲ ಬಂದು, ಇಂಥ ಮನೆ ಯಾಕೆ ತಗೊಂಡ್ರಿ ಎಂದು ನನ್ನನ್ನೇ ಕೇಳಿದರು. ನನಗೆ ಈ ಮನೆ ಇವತ್ತಿಗೂ ಇಷ್ಟವಿಲ್ಲ. ಮೆಟ್ಟಿಲಿಗೆ ಕಂಬಿ ಹಾಕಿಸಿದ್ದೇನೆ. ಒಗ್ಗರಣೆ ಹಾಕಿದರೆ ಹಾಸಿಗೆಯಲ್ಲೂ ಅದೇ ವಾಸನೆ. ಬಸ್ಸಿನಲ್ಲಿ ಕೂತವರು ಇವತ್ತು ನಮ್ಮ ಮನೆಯಲ್ಲಿ ಏನಡುಗೆ ಎಂದು ನೋಡಿಕೊಂಡು ಹೋಗುತ್ತಾರೆ. ಕೆರೆಗೆ ಇನ್ನೂ ನೀರು ಬಿಟ್ಟಿಲ್ಲ. ಬಂತಾ ಎಂದು ಇವರು ದಿನಾ ಕೇಳುತ್ತಾರೆ, ಇಲ್ಲ ಎಂದು ನಿಜವನ್ನೇ ಹೇಳುತ್ತೇನೆ.

ಇಡೀ ದಿನ ನಾನು ಎಲ್ಲಿದ್ದೇನೆ ಎಂದು ಹೇಳುತ್ತಾ ಓಡಾಡುವುದು ಅಭ್ಯಾಸವಾಗಿದೆ. ಒಲೆ ಹತ್ರ ಇದೀನಿ. ಮೆಟ್ಟಿಲ ಹತ್ರ ಇದೀನಿ. ಗಾಜಿನ ಹತ್ರ ಕೂತು ಕುಚ್ಚು ಕಟ್ತಾ ಇದೀನಿ. ಹೇಳಿದಾಗಲೆಲ್ಲ ಅವರ ಮುಖ ಆ ಕಡೆಗೆ ತಿರುಗಿ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತದೆ. ಜಗಳವಾದ ದಿನ ಮಾತ್ರ ಹೇಳುವುದಿಲ್ಲ. ಆಗ ಅವರು ಮನೆಯ ನಡುವೆ ನಿಂತು, "ಎಲ್ಲಿದೀಯೇ?" ಎಂದು ಕೇಳುತ್ತಾರೆ. ಸ್ವಲ್ಪ ಕಾಯಿಸಿ ಹೇಳುತ್ತೇನೆ.