ಕವರಮ್ಮನ ಹೊಲಿಗೆ ಕೋಣೆ

ನನ್ನ ತಮ್ಮನ ಹೆಂಡತಿ ಬಹಳ ಚೆನ್ನಾಗಿ ಹೊಲಿಯುತ್ತಾಳೆ ಎಂದು ಅವರ ಬೀದಿಯೆಲ್ಲ ನಂಬಿದೆ. ಅವಳು ಹೊಲಿದದ್ದನ್ನು ಮೈಮೇಲೆ ಹಾಕಿಕೊಂಡ ನರಪ್ರಾಣಿ ಮಾತ್ರ ಒಂದೂ ಇಲ್ಲ. ಅವಳ ಸ್ವಂತ ಬಟ್ಟೆಗಳೇ ಬೀದಿ ಕೊನೆಯ ಟೈಲರ್ ಹತ್ತಿರ ಹೋಗುತ್ತವೆ. ಅವನ್ನು ಒಯ್ಯುವ ಚೀಲ ಮಾತ್ರ ಅವಳೇ ಹೊಲಿದದ್ದು, ಒಳಗೆ ಅಸ್ತರು, ಮೇಲೆ ಜಿಪ್ಪು, ಪಕ್ಕದಲ್ಲೊಂದು ಜೇಬು. ಟೈಲರ್ ಒಂದು ಸಲ ನನ್ನೆದುರಿಗೇ ಆ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇಷ್ಟು ನೀಟಾಗಿ ಜಿಪ್ ಕೂರಿಸೋರು ಅಂಗಿ ಯಾಕಮ್ಮ ನನ್ನ ಹತ್ರ ತರ್ತೀರಾ?"

"ಟೈಮೆಲ್ಲಿದೆ ಮಾಸ್ಟರೇ? ಕೋಣೆ ಕೆಲಸಾನೇ ಮುಗೀತಾ ಇಲ್ಲ" ಎಂದಳು. ಮುಖದಲ್ಲಿ ನಾಚಿಕೆ ಅನ್ನುವುದು ಹುಡುಕಿದರೂ ಇರಲಿಲ್ಲ.

ಕವರಮ್ಮ ಅಂತ ಹೆಸರಿಟ್ಟವಳು ನಾನು. ಬೆನ್ನ ಹಿಂದೆ ಅಲ್ಲ, ಎದುರಿಗೇ ಕರೆಯುತ್ತೇನೆ. ಅವಳು ಅದನ್ನು ಬಿರುದು ಅಂದುಕೊಂಡು ಹಲ್ಲು ಬಿಡುತ್ತಾಳೆ. ಅವಳ ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಮಾಡುತ್ತಿದ್ದರು. ಶಾಲೆ ಶುರುವಾದ ಕೂಡಲೇ ಇವಳು ಎಲ್ಲ ಪುಸ್ತಕಗಳಿಗೂ ರಟ್ಟು ಹಾಕಿ, ಅದರ ಮೇಲೆ ಬಣ್ಣದ ಕಾಗದ ಅಂಟಿಸಿ, ಅದು ಕೊಳೆಯಾಗದಂತೆ ಇನ್ನೊಂದು ಕಾಗದ ಹೊದಿಸಿ ಕಪಾಟಿನಲ್ಲಿ ಜೋಡಿಸುತ್ತಿದ್ದಳಂತೆ. ತೆಗೆದು ಓದಿದರೆ ಮೂಲೆ ಮಡಚಿಹೋಗುತ್ತದಲ್ಲ, ಅದಕ್ಕೆ ಓದುತ್ತಿರಲಿಲ್ಲ. ಇದನ್ನು ಅವಳೇ ಹೆಮ್ಮೆಯಿಂದ ಹೇಳಿಕೊಂಡಿದ್ದು, ನಾನು ಕಟ್ಟಿದ ಕಥೆಯಲ್ಲ.

ಮದುವೆಯಾಗಿ ಬಂದ ಮೇಲೆ ಹೊಲಿಗೆ ಮೆಷಿನ್ ಬೇಕೆಂದಳು. ಮೆಷಿನ್ ಬಂತು. ಮೊದಲು ಹೊಲಿದದ್ದು ಆ ಮೆಷಿನ್ನಿಗೇ ಒಂದು ಕವರ್. ಆಮೇಲೆ ಪಿನ್ನು ಚುಚ್ಚಿಡುವ ಮೆತ್ತೆ, ಕುಂಬಳಕಾಯಿಯ ಆಕಾರದ್ದು. ಕತ್ತರಿಗೆ ಒಂದು ಒರೆ, ಅಳತೆ ಟೇಪಿಗೆ ಒಂದು ಗೂಡು. ಕಾಲಲ್ಲಿ ಒತ್ತುವ ಪೆಡಲ್ ಜಾರಬಾರದೆಂದು ಅದರಡಿಗೆ ಒಂದು ಚಾಪೆ, ಅಂಚಿಗೆ ಲೇಸು. ಮೇಜಿನ ಬದಿಗೆ ತೂಗುಬಿಟ್ಟ ಒಂದು ಪುಟ್ಟ ಚೀಲ, ದಾರದ ಚೂರುಗಳನ್ನು ಹಾಕುವುದಕ್ಕೆ. ಆ ಚೀಲದಲ್ಲಿ ಇಣುಕಿ ನೋಡಿದ್ದೇನೆ. ಅದರೊಳಗೆ ಇದ್ದದ್ದು ಆ ಚೀಲವನ್ನು ಹೊಲಿಯುವಾಗ ಉದುರಿದ ದಾರದ ಚೂರುಗಳು.

ಇಷ್ಟೆಲ್ಲ ಸರಂಜಾಮು ಇಡಲು ಕೋಣೆ ಬೇಡವೇ? ಕಿಟಕಿಯಿಂದ ಒಳ್ಳೆ ಬೆಳಕು ಬರುವ ಕೋಣೆ ಮನೆಯಲ್ಲಿ ಒಂದೇ ಇತ್ತು, ನನ್ನ ಅಮ್ಮನದು. ಅಮ್ಮನ ಮಂಚ ಹಾಲಿನ ಮೂಲೆಗೆ ಬಂತು, ಸುತ್ತ ಒಂದು ಪರದೆ ಬಂತು. ಪೆಡಲಿನ ಚಾಪೆಗೆ ಲೇಸು ಹಚ್ಚಿದ ಮಹಾತಾಯಿ ಆ ಪರದೆಯ ಅಂಚು ಮಡಿಸಿ ಹೊಲಿಯಲಿಲ್ಲ, ನಾಲ್ಕು ಪಿನ್ನು ಚುಚ್ಚಿ ಬಿಟ್ಟಿದ್ದಳು. ನನ್ನ ತಮ್ಮ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ದಿನವಿಡೀ ಊರಿನವರ ಕಣ್ಣು ಸರಿಮಾಡಿ ಮನೆಗೆ ಬರುತ್ತಾನೆ, ತನ್ನ ಮನೆಯಲ್ಲಿ ಏನೂ ಕಾಣಿಸುವುದಿಲ್ಲ. "ಹೋಗ್ಲಿ ಬಿಡೇ ಅಕ್ಕ, ಅವಳಿಗೂ ಏನೋ ಒಂದು ಹವ್ಯಾಸ" ಎಂದ. ಅವನಿಗೆ ಏನು ಹೇಳಿದರೂ ಗೋಡೆಗೆ ಹೇಳಿದ ಹಾಗೆ.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದದ್ದು ಆಮೇಲೆ. ಎಡಭುಜದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಕೈಯನ್ನು ಎದೆಗೆ ಸೇರಿಸಿ ಪಟ್ಟಿ ಬಿಗಿದು ಕಳಿಸಿದರು. ಅವಳ ಅಂಗಿಗಳಲ್ಲಿ ಒಂದೂ ಏರುತ್ತಿರಲಿಲ್ಲ. ಕಾಲಿನಿಂದ ಮೇಲಕ್ಕೆಳೆದುಕೊಳ್ಳುವ ತೋಳಿಲ್ಲದ ಒಳಂಗಿ ಹಾಕಿ, ಮೇಲೆ ಒಂದು ಬೆಡ್‌ಶೀಟು ಸುತ್ತಿಕೊಂಡು ಕೂರುತ್ತಿದ್ದಳು. ಯಾರಾದರೂ ಬಾಗಿಲ ಗಂಟೆ ಒತ್ತಿದರೆ ಪರದೆಯ ಹಿಂದೆ ಸರಿದುಬಿಡುತ್ತಿದ್ದಳು.

ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಯಾರೇ ಕಿರುಚಾಡಿದರೂ ದನಿ ಒಂದು ಎಳೆಯಷ್ಟೂ ಏರದ ಹಾಗೆ ಮಾತಾಡಿ ಬದುಕು ಕಳೆದವಳು. ಅವಳ ಜೊತೆಯ ಆಪರೇಟರುಗಳು ವರ್ಷಕ್ಕೊಂದು ಸಲ ಗ್ರಂಥಾಲಯದ ಹಿಂದಿನ ಹಾಲಿನಲ್ಲಿ ಸೇರುತ್ತಾರೆ. ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಸಲದ ದಿನ ಹತ್ತಿರದಲ್ಲೇ ಇತ್ತು.

"ಹೋಗ್ಬೇಕು ಕಣೇ. ಮುಂದಿನ ಸಲ ಯಾರ್ಯಾರು ಇರ್ತೀವೋ" ಎಂದಳು ನನಗೆ. "ಆದ್ರೆ ಬೆಡ್‌ಶೀಟ್ ಸುತ್ಕೊಂಡು ನಾಲ್ಕು ಜನರ ಮುಂದೆ ಹೆಂಗೆ ಹೋಗ್ಲಿ?"

"ಪಕ್ಕದಲ್ಲಿ ಕಟ್ಟಿಕೊಳ್ಳೋ ಅಂಗಿ ಸಿಗುತ್ತೆ, ನಾಳೇನೇ ಕೊಂಡು ತರ್ತೀನಿ" ಎಂದೆ.

ಕವರಮ್ಮ ಎಲ್ಲಿದ್ದಳೋ, ಓಡಿಬಂದಳು. "ಅಯ್ಯೋ ಅತ್ತಿಗೆ, ಮನೇಲಿ ಇಷ್ಟು ದೊಡ್ಡ ಹೊಲಿಗೆ ಕೋಣೆ ಇಟ್ಕೊಂಡು ಅಂಗಡಿಯಿಂದ ತರೋದಾ? ನೋಡಿದವರು ನಗ್ತಾರೆ. ಅತ್ತೆ ಅಂಗಿ ನಾನೇ ಹೊಲೀತೀನಿ."

ನನಗೆ ನಂಬಿಕೆ ಇರಲಿಲ್ಲ. ಅಮ್ಮನೇ ಕಣ್ಸನ್ನೆ ಮಾಡಿ ನನ್ನ ಬಾಯಿ ಮುಚ್ಚಿಸಿದಳು. ಪೆಟ್ಟಿಗೆಯಿಂದ ತನ್ನ ಹಳೆಯ ಹತ್ತಿ ಹೊದಿಕೆ ತೆಗೆಸಿದಳು. ತಿಳಿನೀಲಿ, ಅದರಲ್ಲಿ ಬಿಳಿ ಗೆರೆ. ಒಗೆದು ಒಗೆದು ಬೆಣ್ಣೆಯ ಹಾಗಾಗಿತ್ತು.

"ಇದ್ರಲ್ಲಿ ಮಾಡು ಮಗ. ಪಟ್ಟಿ ಉಜ್ಜಿ ಚರ್ಮ ಉರೀತಾ ಇದೆ. ಇದು ಮೆತ್ತಗಿದೆ" ಎಂದಳು.

ನಾನು ನನ್ನ ಊರಿಗೆ ಬಂದೆ. ಫೋನ್ ಮಾಡಿದಾಗಲೆಲ್ಲ ಕವರಮ್ಮನ ಉತ್ತರ ಒಂದೇ. "ಆಗ್ತಾ ಇದೆ ಅತ್ತಿಗೆ." ಅಮ್ಮ ಇನ್ನೂ ಆಸೆಯಿಂದ ಹೇಳುತ್ತಿದ್ದಳು. "ಶುರು ಮಾಡಿದ್ದಾಳೆ ಅನ್ಸುತ್ತೆ. ಮೆಷಿನ್ ಸದ್ದು ಕೇಳ್ತಾನೇ ಇರುತ್ತೆ."

ಆ ಸದ್ದನ್ನು ಕೇಳುತ್ತ ಪರದೆಯ ಹಿಂದೆ ಅಮ್ಮ ಕಾದು ಕೂತಿದ್ದಳಲ್ಲ, ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಸೇರುವ ದಿನದ ಹಿಂದಿನ ಮಧ್ಯಾಹ್ನ ನಾನು ಹೋದೆ. ಅಮ್ಮ ಅದೇ ಬೆಡ್‌ಶೀಟಿನಲ್ಲಿ ಇದ್ದಳು. ಕವರಮ್ಮ ನನ್ನ ಚೀಲವನ್ನೂ ಇಳಿಸಗೊಡದೆ ಕೈ ಹಿಡಿದು ಕೋಣೆಗೆ ಎಳೆದುಕೊಂಡು ಹೋದಳು. "ಕಣ್ಣು ಮುಚ್ಕೊಳ್ಳಿ ಅತ್ತಿಗೆ. ಹಾಂ, ಈಗ ಬಿಡಿ!"

ಬಿಟ್ಟೆ. ಕೋಣೆಯೆಲ್ಲ ತಿಳಿನೀಲಿ, ಬಿಳಿ ಗೆರೆ. ಗೋಡೆಯಲ್ಲಿ ಸಾಲುಜೇಬಿನ ಪಟ್ಟಿ. ಕುರ್ಚಿಗೆ ಮೆತ್ತೆ. ಹೊಸ ಒರೆಯಲ್ಲಿ ಕತ್ತರಿ. ಸೂಜಿ ಇಡಲು ಪುಸ್ತಕದಂತೆ ಮಡಿಸುವ ಬಟ್ಟೆಯ ಮಡಿಕೆ. ಎಲ್ಲಕ್ಕಿಂತ ಮೇಲೆ ಮಧ್ಯದಲ್ಲಿ ಸಿಂಹಾಸನ ಏರಿದ ರಾಣಿಯ ಹಾಗೆ ಮೆಷಿನ್ನು. ಅದರ ತಲೆಯ ಮೇಲಿನಿಂದ ಮೇಜಿನ ಕೆಳಗಿನವರೆಗೆ, ಹಿಂದಕ್ಕೂ ಮುಂದಕ್ಕೂ ಇಳಿಬಿದ್ದ ಉದ್ದನೆಯ ಕವರ್. ಎರಡು ಬದಿಗೂ ಲಾಡಿಗಳು, ಚಂದದ ಹೂಗಂಟು ಹಾಕಿ ಕಟ್ಟಿದ್ದಳು.

"ಎಲ್ಲಾ ಒಂದೇ ಸೆಟ್ಟು" ಎಂದಳು. "ಹೆಂಗಿದೆ?"

"ಅಮ್ಮನ ಅಂಗಿ ಎಲ್ಲಿ?"

"ಅದೇ ಅತ್ತಿಗೆ, ಅದಕ್ಕೇ ಇಷ್ಟೆಲ್ಲಾ. ಒಮ್ಮೆಲೇ ಅತ್ತೆ ಬಟ್ಟೆಗೆ ಕತ್ತರಿ ಹಾಕೋಕೆ ಭಯ ಆಯ್ತು. ಬಿಗಿಯಾದ್ರೆ? ಭುಜಕ್ಕೆ ನೋವಾದ್ರೆ? ಬಟ್ಟೆ ಹಾಳಾದ್ರೆ? ಮೊದಲು ಚಿಕ್ಕಪುಟ್ಟ ಐಟಂ ಮಾಡಿ ಕೈ ಪಳಗಿಸ್ಕೊಳ್ಳೋಣ ಅಂತ."

"ಯಾವ ಬಟ್ಟೆಲಿ ಪಳಗಿಸ್ಕೊಂಡೆ?"

ಅವಳ ಬಾಯಿ ತೆರೆದದ್ದು ತೆರೆದೇ ಇತ್ತು. ನನ್ನಾಣೆ, ಅಲ್ಲಿಯವರೆಗೆ ಆ ತಲೆಗೆ ಅದು ಹೊಳೆದೇ ಇರಲಿಲ್ಲ. ಅಂಗಿಯ ಬಟ್ಟೆ ಹಾಳಾಗಬಾರದೆಂದು ಅಂಗಿಯ ಬಟ್ಟೆಯನ್ನೇ ಚಿಂದಿ ಮಾಡಿದ್ದಳು.

ಆಗ ನನಗೆ ಇವಳ ಬಂಡವಾಳ ತಿಳಿಯಿತು. ಸೋಮಾರಿಯಲ್ಲ, ಕೈ ಚುರುಕೇ. ಪುಕ್ಕಲು. ಕತ್ತರಿಗೆ ಒರೆ ಹೊಲಿದರೆ ಕತ್ತರಿ ಬಂದು ಬಗಲು ಬಿಗಿ ಎನ್ನುವುದಿಲ್ಲ. ಟೇಪು ಬಂದು ಕೊರಳು ಸರಿಯಿಲ್ಲ ಎನ್ನುವುದಿಲ್ಲ. ಮನುಷ್ಯರಾದರೆ ಹಾಕಿಕೊಂಡು ಎದುರಿಗೆ ನಿಲ್ಲುತ್ತಾರೆ, ತಪ್ಪು ಕಾಣುತ್ತದೆ. ಆ ಒಂದು ಗಳಿಗೆಗೆ ಹೆದರಿ ಇಡೀ ಆಯುಷ್ಯ ತಯಾರಿ ಮಾಡಿಕೊಳ್ಳುತ್ತಲೇ ಇರುವ ಜಾತಿ ಇದು. ನನಗೆ ಕನಿಕರ ಬರಲಿಲ್ಲ. ಹೆದರುವವಳು ಹೆದರಲಿ, ಇನ್ನೊಬ್ಬರ ಹೊದಿಕೆ ಇಸಿದುಕೊಂಡು ಯಾಕೆ ಹೆದರಬೇಕು? ಗಂಟಲು ಹರಿದುಹೋಗುವ ಹಾಗೆ ಬೈದೆ. ತಮ್ಮ ಬಂದು "ಅಕ್ಕಪಕ್ಕದವರು ಕೇಳ್ತಾರೆ" ಎಂದ. ಕೇಳಲಿ ಎಂದೇ ಬೈದದ್ದು. ಅಂಗಡಿಗೆ ಓಡಿದೆ. ಪಕ್ಕದಲ್ಲಿ ಕಟ್ಟುವಂಥವು ಮುಗಿದಿದ್ದವು, ಉಳಿದವೆಲ್ಲ ತಲೆ ಮೇಲಿಂದ ಹಾಕಿ ತೋಳು ತೂರಿಸುವಂಥವು.

ಬೆಳಿಗ್ಗೆ ಅಮ್ಮ ಎದ್ದು ತಾನೇ ಆ ಕೋಣೆಗೆ ಬಂದಳು. ಅದು ಹೊಲಿಗೆ ಕೋಣೆಯಾದ ಮೇಲೆ ಅವಳು ಒಳಗೆ ಕಾಲಿಟ್ಟದ್ದು ಅದೇ ಮೊದಲು. ತನ್ನ ಹೊದಿಕೆಯ ಗತಿಯನ್ನು ಸುತ್ತಲೂ ನೋಡಿದಳು. ಮೆಷಿನ್ನಿನ ಹತ್ತಿರ ನಿಂತು, ಸರಿಯಿರುವ ಕೈಯಲ್ಲಿ ಲಾಡಿಯ ತುದಿ ಹಿಡಿದೆಳೆದಳು. ಗಂಟು ಬಿಚ್ಚಿತು.

"ಇದಕ್ಕೊಂದು ಕುತ್ತಿಗೆ ಕತ್ತರಿಸಮ್ಮ" ಎಂದಳು ಸೊಸೆಗೆ.

"ಅತ್ತೆ, ಇದು ಕವರ್ರು..."

"ಹೂಂ, ನೋಡ್ತಾ ಇದ್ದೀನಿ. ತಲೆ ತೂರಿದ್ರೆ ಸಾಕು. ಬದಿಗೆ ಲಾಡಿ ಹೆಂಗೂ ಇದೆ."

ಕವರಮ್ಮ ಕತ್ತರಿ ತೆಗೆದುಕೊಂಡಳು, ಬಟ್ಟೆಯ ಮೇಲೆ ಇಟ್ಟಳು, ವಾಪಸು ತೆಗೆದಳು. ನಾನು ಕಿತ್ತುಕೊಂಡು ಕಚಕ್ಕನೆ ಕತ್ತರಿಸಿದೆ. ಹೊಲಿಗೆಯ ಗಂಧಗಾಳಿ ನನಗಿಲ್ಲ, ಕೊರಳು ಒಂದು ಕಡೆ ಜಾಸ್ತಿಯೇ ವಾಲಿತು. "ಅಂಚು ಬಿಟ್ಕೊಳ್ಳುತ್ತೆ ಅತ್ತಿಗೆ" ಎಂದಳು ಸಣ್ಣ ದನಿಯಲ್ಲಿ. ಹಾಗಿದ್ದರೆ ಎರಡು ಹೊಲಿಗೆ ಹಾಕು ಎಂದೆ. ಬಣ್ಣಕ್ಕೆ ಹೊಂದುವ ದಾರ ಮುಗಿದಿದೆಯಂತೆ. ಸೂಜಿಯ ಮಡಿಕೆಗೆ ಬಳಸಿಬಿಟ್ಟಿದ್ದಳಂತೆ.

ಅಮ್ಮನ ತಲೆ ಸಲೀಸಾಗಿ ತೂರಿತು. ಕಟ್ಟಿದ ಕೈ ಒಳಗೇ ಉಳಿಯಿತು. ಎರಡೂ ಬದಿಗೆ ಲಾಡಿ ಕಟ್ಟಿದೆ. ಮೇಲೊಂದು ಶಾಲು. ಕನ್ನಡಿಯಲ್ಲಿ ನೋಡಿಕೊಂಡು, "ಮೆತ್ತಗಿದೆ" ಎಂದಳು ಅಮ್ಮ.

ಗ್ರಂಥಾಲಯದ ಹಾಲಿನಲ್ಲಿ ಹಳೆಯ ಗೆಳತಿಯರು ಅವಳನ್ನು ಮುತ್ತಿಕೊಂಡರು. ನಾನು ಒಂದು ಪಕ್ಕ, ಕವರಮ್ಮ ಇನ್ನೊಂದು ಪಕ್ಕ. ಅಮ್ಮ ನಗುತ್ತಿದ್ದಳು, ಎಷ್ಟೋ ದಿನದ ಮೇಲೆ. ಊರುಗೋಲು ಹಿಡಿದ ಒಬ್ಬರು ಅಂಗಿಯ ತುದಿ ಮುಟ್ಟಿ ನೋಡಿ, "ಭಾಳ ಅನುಕೂಲವಾಗಿದೆ ಕಣೇ! ಯಾರು ಹೊಲಿದಿದ್ದು?" ಎಂದು ಕೇಳಿದರು.

"ಸೊಸೆ" ಎಂದಳು ಅಮ್ಮ.

ಇಷ್ಟಕ್ಕೇ ಸುಮ್ಮನಿರಬೇಕಿತ್ತು ಆ ಹೆಂಗಸು. ಬೆಳಿಗ್ಗೆಯಿಂದ ಇಂಗು ತಿಂದ ಮಂಗನಂತಿದ್ದ ಮುಖ ಒಮ್ಮೆಲೇ ಅರಳಿತು. "ಅತ್ತೆಗೆ ಅಂತಲೇ ಡಿಸೈನ್ ಮಾಡಿದ್ದು ಆಂಟಿ. ನೋಡಿ, ಹಾಕ್ಕೊಳ್ಳೋಕೆ ಕೈ ಎತ್ತೋದೇ ಬೇಡ" ಎಂದಳು. ಕೊರಳಿನ ಹರಕು ಅಂಚು ಯಾರದೋ ಕಣ್ಣಿಗೆ ಬಿತ್ತು. "ಅದು ಈಗಿನ ಫ್ಯಾಷನ್. ಅಂಚು ಹಂಗೇ ಬಿಡ್ತಾರೆ" ಎಂದಳು! ನಾನು ಹಲ್ಲು ಕಚ್ಚಿಕೊಂಡು ನಿಂತೆ. ಅಮ್ಮನ ದಿನ, ನನ್ನ ಬಾಯಿಂದ ಕೆಡಬಾರದು.

"ನಂಗೂ ಭುಜ ಹಿಡ್ಕೊಂಡಿದೆ ಕಣಮ್ಮ. ನಂಗೊಂದು ಹೊಲಿದುಕೊಡ್ತೀಯಾ?" ಎಂದರು ಊರುಗೋಲಿನವರು.

"ಖಂಡಿತ ಆಂಟಿ! ಈಗಲೇ ಅಳತೆ ತಗೊಂಡುಬಿಡ್ತೀನಿ." ಕೈಚೀಲದಿಂದ ಟೇಪು ತೆಗೆದಳು, ಅದರ ಗೂಡಿನ ಸಮೇತ.

ಅಮ್ಮ ಮಾತಾಡಿದಳು. ಅದೇ ಎಕ್ಸ್‌ಚೇಂಜಿನ ದನಿ, ಏರಿಲ್ಲ, ಇಳಿದಿಲ್ಲ.

"ಅವರ ಅಳತೆ ಯಾಕಮ್ಮ? ಮೆಷಿನ್ನಿನ ಅಳತೆನೇ ಇಟ್ಕೋ. ಅದಕ್ಕಾದ್ರೆ ನಿನ್ನ ಕೈ ಓಡುತ್ತೆ. ಮನುಷ್ಯರಿಗೆ ಅಂದ್ರೆ ನಿಂತುಬಿಡುತ್ತೆ."

"ಯಾವ ಮೆಷಿನ್ನೇ?" ಎಂದರು ಗೆಳತಿ.

"ಇದು ಅದರದ್ದೇ. ಬೆಳಿಗ್ಗೆ ಅದರ ಮೈಯಿಂದ ಬಿಚ್ಚಿ ನಂಗೆ ಹಾಕಿದ್ರು."

ನಾನು ಹಿಂದಿನ ದಿನ ಕೂಗಾಡಿದ್ದೆಲ್ಲ ಕವರಮ್ಮನ ಚರ್ಮಕ್ಕೂ ತಾಗಿರಲಿಲ್ಲ, ಇದು ತಾಗಿತು. ಟೇಪು ಹಿಡಿದ ಕೈ ಹಾಗೇ ನಿಂತಿತ್ತು.

ಅಮ್ಮನ ಎಡಬದಿಯ ಲಾಡಿ ಸಡಿಲವಾಗಿ ಜಾರುತ್ತಿತ್ತು. ಕಟ್ಟೋಣವೆಂದು ನಾನು ಕೈ ಚಾಚಿದೆ.

"ನೀನು ಬಿಡೇ. ಅವಳು ಕಟ್ಟಲಿ, ದಿನಾ ಕಟ್ಟಿ ಅಭ್ಯಾಸ ಇದೆ" ಎಂದಳು ಅಮ್ಮ.

ಕವರಮ್ಮ ಬಗ್ಗಿ ಹೂಗಂಟು ಹಾಕಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಆದರೂ ಆ ಗಂಟಿನ ಎರಡು ಕುಣಿಕೆಗಳನ್ನು ಒಂದೇ ಉದ್ದಕ್ಕೆ ಎಳೆದು ಸರಿಮಾಡುವವರೆಗೂ ಕೈ ಬಿಡಲಿಲ್ಲ.